ಓರೆ ಬೆಳಕು

ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ ಅಂದಿದ್ದ
ಫೋನಿನ್ಯಾಗ ಜಮಖಂಡಿಯ ರಿಪೇರಿ ಹುಡುಗ.
ಮಾಡಿದೆ.
ಅಲ್ಲೀತನಕ ಕುಂಟತಾ ಆದ್ರೂ ನಡದಿತ್ತು,
ಈಗ ಮಾರಿನ ತೋರಸವಲ್ದು.

ರಾತ್ರಿ ಒಂದೂವರಿ. ಮುಧೋಳದ ಹೊರಗ, ಕಾರ್ಖಾನಿ ಕಾಟಾ.
ಕಾಟಾದ ಮ್ಯಾಲ ಲಗಮಣ್ಣನ ಟ್ರ್ಯಾಕ್ಟರು, ಎರಡ ಟ್ರೇಲರ್ ಕಬ್ಬು,
ಅದರ ಹಿಂದ ಹನ್ನೊಂದು ಗಾಡಿ,
ಅದರಾಚಿ ಕತ್ತಲಿ, ಕತ್ತಲ್ಯಾಗ ಬೀಡಿಯ ಕೆಂಡ.
ಒಂದ ಕೆಂಡ ಒದರ್ತು:
“ತೂಕ ನುಂಗಾಕ ಹೊಸಾ ಆಟ ಹೂಡ್ಯಾರ ನೋಡ್ರೋ!”

ನುಂಗಾಕ ನಂಗ ಹಲ್ಲರ ಎಲ್ಲಿ ಅದಾವೋ ಯಪ್ಪಾ,
ತಿಂಗಳಿಗೆ ಹನ್ನೊಂದು ಸಾವಿರದ ಬೋರಮ್ಮ ನಾ,
ಗಾಜಿನ ಖೋಲ್ಯಾಗ ಕುಂತ ಚೀಟಿ ಹರಿಯಾಕಿ.
ಹೊರಗಿನ ಕೆಂಪ ಅಂಕಿ ಕೆಟ್ಟು ಎರಡ ಹಂಗಾಮಾತು,
ಎಂಟರ ಎಡಮಗ್ಗಲ ಹತ್ತೂದಿಲ್ಲ;
ಅದು ಎಂಟೋ ಮೂರೋ
ನೋಡಾವರ ನಂಬಿಕಿಗೆ ಬಿಟ್ಟದ್ದು.

ಗ್ವಾಡಿ ಕಡೆ ಕೈ ಹಾಕಿ ಪ್ಲಗ್ ಒತ್ತಿದೆ.
ಪರದಿಯ ಗದ್ದದ ಕೆಳಗ ಹಸರ ದೀಪ ಐತಿ.
ವಾಯರ್ ಬಿಚ್ಚಿದೆ. ನೀಲಿ ತಲಿ, ಸೂಜಿ ಒಂದೂ ಡೊಂಕಿಲ್ಲ.
ಮತ್ತ ಸಿಗಿಸಿ ಎರಡೂ ಕಿವಿ ತಿರುವಿದೆ,
ಸಾಲಿ ಮಾಸ್ತರು ನಂಗ ತಿರುವಿದಷ್ಟ.
ಇಲ್ಲ.
ಡಬ್ಬಿ ತಗೀರಿ ಅಂದ. ತಗದೆ.
ಒಳಗ ಮೂರ ಹಂಗಾಮಿನ ಕಬ್ಬಿನ ಧೂಳು, ಒಂದು ಸತ್ತ ಜಿರಳಿ,
ಬೆಲ್ಲದ ವಾಸನಿ.
ರ‍್ಯಾಮ್ ಅಂತ ಒಂದು ಪಟ್ಟಿ ಇರತೈತಿ, ಅದರ ಬಂಗಾರದ ಅಂಚು ತಿಕ್ಕರಿ ಅಂದ.
ಚೀಲದಾಗ ಮಗಳ ರಬ್ಬರಿತ್ತು, ಮಾವಿನಹಣ್ಣಿನ ವಾಸನೀದು;
ಆಕಿ ತಪ್ಪ ಲೆಕ್ಕ ಅಳಿಸಿದಂಗ ತಿಕ್ಕಿದೆ.
ಟಕ್ ಅಂತ ಕೂಡಿಸಿದೆ.
ಪೀಂ. ಒಂದ ಸಲ.
ಒಂದ ಪೀಂ ಅಂದ್ರ ಒಳಗೆಲ್ಲಾ ಬರೋಬರಿ ಅಂದ.
ನಂಬರಿನ ಗುಂಡಿ ಒತ್ತಿದ್ರ ಕೀಬೋರ್ಡಿನ ದೀಪ
ಹತ್ತತೈತಿ, ಆರತೈತಿ.
ಕರದ್ರ ಓ ಅಂತೈತಿ, ಎದ್ದ ಬರವಲ್ದು.

ಅಷ್ಟರಾಗ ವಾಚ್‌ಮನ್ ರಾಜೇಸಾಬ ಬಾಗಲಾ ದೂಡಿದ,
“ಏನ್ರಿ ಬಾಯಿ, ನಿದ್ದಿ ಹತ್ತೇನು?” ಅಂತ.
ಕೈಯಾಗಿನ ಬ್ಯಾಟರಿ ಬೆಳಕ
ಪರದಿ ಮ್ಯಾಲ ಓರಿಯಾಗಿ ಬಿತ್ತು.
ಅಲ್ಲೇ ನಿಂದ್ರ, ನಿಂದ್ರ, ಅಲಗ್ಯಾಡಬ್ಯಾಡ ಅಂದೆ.

ಸುಣ್ಣ ಬಳದ ಗ್ವಾಡಿ ಅಡಿಗೆ
ಹಿಂದಿನ ಎಲೆಕ್ಷನ್ನಿನ ಅಕ್ಷರ ಕಂಡಂಗ
ಕಂಡೂ ಕಾಣದಂಗ, ಒಂದು ಚೌಕ, ಚೌಕದಾಗ ಅಂಕಿ.
ಆ ಕೆಂಡ ಒದರಿದಾಗೂ ಅಲ್ಲೇ ಇತ್ತು.

“ಹಿಂದಿನ ದೀಪ ಸತ್ತೈತ್ರಿ” ಅಂದ ಫೋನಿನಾವ,
“ಚಿತ್ರ ಸತ್ತಿಲ್ಲ. ಹೊತ್ತ ಹೊಂಡಲಿ, ಬರ್ತೀನಿ.”
ಆಕಳಿಸಿದ.

ಲಗಮಣ್ಣ ಇಳದ ಬಂದ, ಚಪ್ಪಲಿ ಹೊರಗ ಬಿಟ್ಟು.
ಬ್ಯಾಟರಿ ಅವನ ಕೈಗೆ ಕೊಟ್ಟೆ.
ಮೊಣಕಾಲೂರಿ, ಗಾಜಿಗೆ ಮೂಗ ಹಚ್ಚಿ,
ಒಂದೊಂದ ಅಂಕಿಗೆ ಬೆರಳಿಟ್ಟು ಒದರಿದ:
“ಇಪ್ಪತ್ತೆಂಟು... ಸಾವಿರ... ಮುನ್ನೂರಾ... ಎಂಬತ್ತು!”
ಹೊರಗಿನವರು ಸುಮ್ಮನಾದ್ರು.
ಆಮ್ಯಾಲ ಸಾಲ ಮುರದ ಬಂದ್ರು.
ಐದ ವರ್ಷ ಕಿಡಕ್ಯಾಗ ಕೈ ಅಷ್ಟ ಹಾಕಿದ್ದ ಕಾಡಪ್ಪ
ಒಳಗ ಬಂದು ನನ್ನ ಕುರ್ಚಿ ಹಿಂದ ನಿಂತ.
ಬೆಳತನಕ ಒಬ್ಬರ ತೂಕಕ್ಕ ಇನ್ನೊಬ್ಬರು ಬ್ಯಾಟರಿ ಹಿಡದ್ರು,
ತಪ್ಪ ಓದಿದ್ರ ಮೂರ ಮಂದಿ ತಿದ್ದಿದ್ರು.
ಜಗಳಾನೂ ಆತು, ಒಂದೋ ಏಳೋ ಅಂತ;
ಚಹಾನೂ ಬಂತು.
ಅಷ್ಟ ಮಂದಿಯ ಉಸಿರಿಗೆ ಪರದಿ ಮಂಜಾದ್ರ
ನಾ ಸೆರಗಿಲೆ ಒರಸ್ತಿದ್ದೆ.

ಹೊತ್ತ ಹೊಂಟ ಮ್ಯಾಲ ಹುಡುಗ ಬಂದ, ಹೊಸಾ ಪರದಿ ಕೂಡಿಸಿದ.
ಝಗ್ ಅಂತ ಹತ್ತಿತು. ಕಣ್ಣ ಕುಕ್ಕಿತು.
ಖೋಲಿ ಖಾಲಿ ಆತು. ಬಾಗಲಾ ಮುಚ್ಚಿದೆ.

ಖಾಲಿ ಟ್ರೇಲರಿನ ತೂಕಕ್ಕ ಕಾಡಪ್ಪ ತಿರುಗಿ ಬಂದ.
ಕಿಡಕ್ಯಾಗ ಕೈ ಚಾಚಿದ, ಚೀಟಿ ತಗೊಂಡ,
ಹೋಗಲಿಲ್ಲ.
“ಬೋರಮ್ಮಕ್ಕಾ, ಅದಕ್ಕೂ ಒಂಚೂರು ಬ್ಯಾಟರಿ ಹಿಡೀಲೇನು?”